ಎಡಗಡೆಯ ಹೊರಳೆ

ನಾತ ಮನೆಯಲ್ಲಿಯೇ ಇತ್ತು. ಆ ಬಗ್ಗೆ ಅಂದಾನೆಪ್ಪನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಅದನ್ನು ಯಾರು ತಂದಿಟ್ಟಿದ್ದಾರೆ, ಎಲ್ಲಿ ಇಟ್ಟಿದ್ದಾರೆ ಎಂಬುದರ ಬಗ್ಗೆ. ಬೆಳಿಗ್ಗೆ ಎದ್ದು ನೀರಿನ ತಂಬಿಗೆಗೆ ಬಗ್ಗಿದವನಿಗೆ ಭಪ್ಪೆಂದು ಹೊಡೆದಿತ್ತು. ಸತ್ತು ನಾಲ್ಕು ದಿನವಾದ ಇಲಿಯ ನಾತ. ಮಂಚದ ಕೆಳಗೆ ನೋಡಿದ. ಜೋಳದ ಹಗೆವಿನ ಮುಚ್ಚಳದ ಹತ್ತಿರ ಮೂಗು ಇಟ್ಟ. ಕಂಬಳಿ ಕೊಡವಿದ. ಕೊನೆಗೆ ಹೆಂಡತಿಯ ಟ್ರಂಕು ತೆಗೆದು, ಮಡಿಸಿಟ್ಟ ಇಳಕಲ್ಲ ಸೀರೆಗಳ ನಡುವೆ ಮುಖ ತೂರಿಸಿ ಮೂಸುತ್ತಿರುವಾಗ ಗೌರಕ್ಕ ಬಾಗಿಲಲ್ಲಿ ಬಂದು ನಿಂತಳು. "ಏನ್ ಹುಡಕಾಕತ್ತೀರಿ?" ಎಂದಳು. "ಇಲಿ ಸತ್ತೈತಿ" ಎಂದ. "ಎಲ್ಲೂ ಸತ್ತಿಲ್ರಿ. ನಿನ್ನೆ ಎಲ್ಲಾ ಸಾರಿಸೇನಿ." ಹಾಗೆ ಹೇಳುವಾಗ ಅವಳು ಸೆರಗಿನ ತುದಿಯನ್ನು ಮೂಗಿಗೆ ಹಿಡಿದಿದ್ದಳು. ನಾತವಿಲ್ಲವೆಂದ ಮೇಲೆ ಸೆರಗು ಯಾಕೆ? ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಗಸು ಗಂಡನಿಗೆ ಚಹಾದ ಬಟ್ಟಲು ಕೊಡುವಾಗ ಮಾರುದ್ದ ದೂರ ನಿಂತು ಕೈ ಚಾಚುತ್ತಾಳೆಂದರೆ ಏನರ್ಥ? ಇದು ಯಾವಾಗಿನಿಂದ ನಡೆದಿದೆ? ದಸರೆಯಿಂದಲೋ, ಅದಕ್ಕೂ ಮೊದಲಿನಿಂದಲೋ? ಅಂದಾನೆಪ್ಪ ಲೆಕ್ಕ ಹಾಕತೊಡಗಿದ. ಲೆಕ್ಕ ಹಾಕಿದಷ್ಟೂ ಅವನ ತಲೆಯ ಎಡಭಾಗ, ಕಣ್ಣಿನ ಕೆಳಗೆ, ಭಾರವಾಗುತ್ತಿತ್ತು.

ಆ ಭಾರ ಮೂರು ವರ್ಷದ್ದು. ಬರುತ್ತದೆ, ಹದಿನೈದು ದಿನ ಇದ್ದು ಹೋಗುತ್ತದೆ, ಹೋಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಮತ್ತೆ ಬರುತ್ತದೆ. ಎಡಗಡೆಯ ಹೊರಳೆಯಿಂದ ಹಳದಿ ಸಿಂಬಳ ಇಳಿಯುತ್ತದೆ. ಕೆನ್ನೆಯ ಎಲುಬು ಒತ್ತಿದರೆ ಜೀವ ಹೋಗುತ್ತದೆ. ಹಳೇ ಹುಬ್ಬಳ್ಳಿಯ ವೈದ್ಯರು ಮೊಸರು ಬಿಡು ಎಂದರು. ಬಿಟ್ಟ. ಇಂಗ್ಲಿಷ್ ಔಷಧದ ಡಾಕ್ಟರರು ನಿನ್ನ ಮನೆಯ ಹಿಂದೆ ಜಿನ್ನಿಂಗ್ ಮಿಲ್ಲು ಇದೆ, ಅರಳೆಯ ಧೂಳು ಮೂಗಿಗೆ ಹೋಗುತ್ತದೆ ಎಂದರು. ಸರಿಯಪ್ಪ, ಧೂಳಿಗೆ ಎಡಗಡೆಯ ಹೊರಳೆಯೊಂದೇ ಕಾಣುತ್ತದೇನು? ಮಿಲ್ಲಿನಲ್ಲಿ ಹೊತ್ತು ಮುಳುಗುವ ತನಕ ಧೂಳು ಕುಡಿಯುವ ಆಳುಗಳು ಚೆನ್ನಾಗಿ ಉಸಿರಾಡಿಕೊಂಡಿದ್ದಾರಲ್ಲ! ಅತ್ತೆ ಸೋಮವಾರ ತಲೆಗೆ ಎರೆದುಕೊಳ್ಳಬೇಡ ಎಂದಳು. ಅದನ್ನೂ ಬಿಟ್ಟ. ನಶ್ಯ ಹಿಡಿದ, ನಶ್ಯ ಬಿಟ್ಟ. ಹಣೆಗೆ ಹಚ್ಚುವ ವಿಭೂತಿಯನ್ನು ಬೇರೆ ಕಡೆಯಿಂದ ತರಿಸಿದ. ಒಂದೊಂದು ಕಾರಣವನ್ನೂ ಆತ ಮೊದಲು ಕಳ್ಳನನ್ನು ಹಿಡಿದಂತೆ ಹಿಡಿದು, ತಿಂಗಳು ಕಳೆದ ಮೇಲೆ ಬಿಟ್ಟುಬಿಡುತ್ತಿದ್ದ. ಎಲ್ಲವನ್ನೂ ಬಿಟ್ಟ ಮೇಲೆ ಉಳಿದದ್ದು ಮನುಷ್ಯರು. ಎಡ ಮಗ್ಗುಲಿನ ಗೋಡೆಯಾಚೆ ಇರುವ ದಾಯಾದಿ ಅಣ್ಣತಮ್ಮಂದಿರು ಏನಾದರೂ ಮಾಟ ಮಾಡಿಸಿರಬಹುದೆಂದು ಆತ ಎರಡು ತಿಂಗಳು ತಲೆ ಯಾವ ಕಡೆ ಇಟ್ಟು ಮಲಗುತ್ತಿದ್ದನೋ ಆ ಕಡೆ ಕಾಲು ಇಟ್ಟು ಮಲಗಿದ್ದ. ಹೇಳಿಕೊಳ್ಳಲು ನಾಚಿಕೆ, ಆದರೂ ಮಲಗಿದ್ದ.

ಬೇರೆಯವರಿಗೆ ನೆಗಡಿ ಎಂದರೆ ನೆಗಡಿ. ಅಂದಾನೆಪ್ಪನಿಗೆ ಹಾಗಲ್ಲ. ಹುಬ್ಬಳ್ಳಿ ಪೇಟೆಯಲ್ಲಿ ತುಪ್ಪದ ವ್ಯಾಪಾರಸ್ಥರು ಹನ್ನೆರಡು ಮಂದಿ ಇದ್ದರು. ಮೂಗು ಇದ್ದವನು ಒಬ್ಬನೇ. ಶನಿವಾರ ಸುತ್ತಲ ಹಳ್ಳಿಗಳಿಂದ ಗಡಿಗೆ ಹೊತ್ತು ಬಂದವರು ಮೊದಲು ಇವನ ಗಾದಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಕಡ್ಡಿಯಲ್ಲಿ ಅಷ್ಟು ತೆಗೆದು, ಎಡ ಮುಂಗೈ ಮೇಲೆ ಸವರಿ, ಮೈಯ ಕಾವಿಗೆ ಅದು ಕರಗುವ ತನಕ ತಡೆದು, ತಲೆ ಬಗ್ಗಿಸಿ ಒಂದೇ ಉಸಿರು ಎಳೆದರೆ ಮುಗಿಯಿತು: ಎಮ್ಮೆಯದೋ ಆಕಳದೋ, ಬೆಣ್ಣೆ ಎಷ್ಟು ದಿನ ಕೂಡಿಟ್ಟದ್ದು, ತಳ ಹತ್ತಿತ್ತೇ, ಮುಂಬೈ ಕಡೆಯಿಂದ ಡಬ್ಬಿಗಳಲ್ಲಿ ಬರತೊಡಗಿದ್ದ ವನಸ್ಪತಿ ಸೇರಿದೆಯೇ, ಎಲ್ಲವನ್ನೂ ಹೇಳುತ್ತಿದ್ದ. ಅವನು "ಛಲೋ ಐತಿ" ಎಂದರೆ ಉಳಿದ ಹನ್ನೊಂದು ಮಂದಿ ಮೂಸದೆ ಕೊಳ್ಳುತ್ತಿದ್ದರು. "ಒಲ್ಲೆ" ಎಂದರೆ ಆ ಗಡಿಗೆಗೆ ಪೇಟೆಯಲ್ಲಿ ಗಿರಾಕಿಯಿಲ್ಲ. ಇಂಥ ಮೂಗಿಗೆ ರೋಗ ಬಂದಿದೆಯೆಂದು ಹೊರಗೆ ಬಿಡುವುದುಂಟೇ! ಅಂಗಡಿಯಲ್ಲಿ ಸಿಂಬಳ ಸುರಿದರೆ ಧೋತರದ ಅಂಚಿನಲ್ಲಿ ಒರೆಸಿಕೊಂಡು ಕಣ್ಣಿಗೆ ಕಸ ಬಿತ್ತು ಎನ್ನುತ್ತಿದ್ದ.

ಮೂರು ವಾರದ ಕೆಳಗೆ ಬೆಂಗೇರಿಯ ದಾನವ್ವ ಬಂದದ್ದು ಹೀಗೇ ಕೆನ್ನೆ ಭಾರವಾಗಿದ್ದ ಬೆಳಿಗ್ಗೆ. ಗಂಡನಿಲ್ಲದ ಹೆಂಗಸು, ಎರಡು ಎಮ್ಮೆ ಕಟ್ಟಿಕೊಂಡು ಹದಿನಾಲ್ಕು ವರ್ಷದಿಂದ ತುಪ್ಪ ತರುತ್ತಿದ್ದಳು. ಅವಳ ಕೈಯ ಬೋಣಿಗೆ ಆಗಿಬರುತ್ತದೆಂದು ಆತನೇ ಎಂದೋ ಹೇಳಿದ್ದ. ಅದಕ್ಕಾಗಿ ಅವಳು ಬೆಳಗಿನ ಮಂಜಿನಲ್ಲೇ ನಡೆದು ಬಂದು ಸಾಲಿನ ಮೊದಲಿಗೆ ನಿಲ್ಲುತ್ತಿದ್ದಳು. ಆತ ಮುಂಗೈಗೆ ಸವರಿಕೊಂಡು ಬಗ್ಗಿದ. ನಾತ! ಕೊಳೆತ ಮಾಂಸದ ನಾತ! "ಏನ್ ಹಾಕೀ ದಾನವ್ವಾ ಇದರಾಗ?" ಎಂದ. "ಏನ್ ಹಾಕ್ಲಿರಿ ಅಣ್ಣಾರ? ಹಾಲು ಕಾಸೇನಿ, ಹೆಪ್ಪು ಹಾಕೇನಿ, ಕಡದೇನಿ." "ಚರಬಿ ನಾತ ಬರಾಕತ್ತೈತಿ." ದಾನವ್ವ ಆತನ ಮುಖ ನೋಡಿದಳು. ಬಾಯಿ ತೆರೆದಳು, ಮುಚ್ಚಿಕೊಂಡಳು. ಆ ಮುಚ್ಚಿಕೊಂಡದ್ದೇ ಅವನಿಗೆ ಸಾಕಾಯಿತು. ತಪ್ಪು ಮಾಡದವಳು ಹಾಗೆ ಮಾತು ನುಂಗುತ್ತಾಳೇನು? ಅವಳು ಕೊರಳಲ್ಲಿದ್ದ ಲಿಂಗದ ಕರಡಿಗೆ ಹಿಡಿದುಕೊಂಡಾಗ, "ಲಿಂಗಾ ಮುಟ್ಟಿ ಸುಳ್ಳು ಹೇಳಬ್ಯಾಡ" ಎಂದುಬಿಟ್ಟ, ಇಡೀ ಸಾಲಿಗೆ ಕೇಳುವಂತೆ. ಮುಂದಿನ ಗಡಿಗೆಗಳು ಚೆನ್ನಾಗಿದ್ದವು. ಎಲ್ಲವೂ ಚೆನ್ನಾಗಿದ್ದವು, ಅಂದಮೇಲೆ ಕೆಟ್ಟದ್ದು ಅವಳದೊಂದೇ. ಲಿಂಗವಂತರ ಮನೆಯಲ್ಲಿ ಚರಬಿ, ಪ್ರಾಣಿಯ ಕೊಬ್ಬು! ಸುದ್ದಿ ಅವಳಿಗಿಂತ ಮೊದಲೇ ಬೆಂಗೇರಿ ಮುಟ್ಟಿತು. ಪ್ರತಿ ಸೋಮವಾರ ಅವಳ ಮನೆಯಲ್ಲಿ ಊಟ ಮಾಡುತ್ತಿದ್ದ ಜಂಗಮ ಮಹಾಂತಯ್ಯ, ಅವಳು ಎಲೆ ಹಾಕಿ ಬಾಗಿಲಲ್ಲಿ ಕಾಯುತ್ತಿದ್ದರೂ ಮುಂದಿನ ಮನೆಗೆ ನಡೆದುಹೋದರಂತೆ. ಇದನ್ನು ಕೇಳಿದಾಗ ಅಂದಾನೆಪ್ಪನಿಗೆ ಎದೆಯಲ್ಲಿ ಏನೋ ಚುಚ್ಚಿತು. ಅದು ಯಾಕೆ ಚುಚ್ಚಿತೆಂದು ಯೋಚಿಸದೆ, ಇದನ್ನು ಬಂದು ಹೇಳಿದವನಿಗೆ ಇದರಿಂದ ಏನು ಲಾಭ ಎಂದು ಯೋಚಿಸಿದ.

ಗೌರಕ್ಕ ಟ್ರಂಕಿನ ಸೀರೆಗಳನ್ನು ಮತ್ತೆ ಮಡಿಸುತ್ತಿದ್ದಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಮೂಗು ಮೂಗು ಅಂತ ಮೂರು ವರ್ಷ ತಿರುಗಿದ್ರಿ. ಒಮ್ಮೆ ಹಲ್ಲು ಕೀಳೂ ಫಕ್ರುಸಾಬರಿಗೆ ಬಾಯಿ ತೋರಸ್ರಿ."

"ಬಾಯಿಗೇನಾಗೇತಿ ನನಗ?"

"ಏನೂ ಆಗಿಲ್ಲಂದ್ರ ಏನೂ ಆಗಿಲ್ಲಂತ ಹೇಳ್ತಾರ್ರಿ. ಬಳಿ ತೊಡಸಾಕ ಅವರ ಹೇಣ್ತಿ ಅಬೀದಾ ಬಂದಿದ್ಲು. ಮಾತಿಗೆ ಮಾತು ಬಂತು."

ಬಂತೇನು ಮಾತಿಗೆ ಮಾತು! ಅಂದರೆ ಮನೆಯ ಸುದ್ದಿ ಬಳೆಗಾರ್ತಿಯ ತನಕ ಹೋಗಿದೆ. ಅವಳು ಇನ್ನೆಷ್ಟು ಮನೆಗಳಲ್ಲಿ ಬಳೆ ತೊಡಿಸುತ್ತಾಳೆ? ಅಂದಾನೆಪ್ಪ ರುಮಾಲು ಸುತ್ತಿಕೊಂಡು ಹೊರಬಿದ್ದ. ಫಕ್ರುಸಾಬನ ಹತ್ತಿರ ಹೋಗಬಾರದೆಂದೇ ಹೊರಟ. ಆದರೆ ದುರ್ಗದಬೈಲಿನ ಸಂದಿಯಲ್ಲಿ, ಕೆಂಪು ದವಡೆಯ ಚಿತ್ರ ಬರೆಸಿದ ತಗಡಿನ ಫಲಕದ ಮುಂದೆ ಎರಡು ಸಲ ಹಾದುಹೋಗಿ, ಗುರುತಿನವರು ಯಾರೂ ಇಲ್ಲವೆಂದು ನೋಡಿಕೊಂಡು, ಮೂರನೆಯ ಸಲ ಒಳಗೆ ನುಗ್ಗಿದ.

ಫಕ್ರುಸಾಬ ಹಿಂದಿನ ಮಹಾಯುದ್ಧದಲ್ಲಿ ಇರಾಕಿನ ಬಸರಾದ ದಂಡಿನ ಆಸ್ಪತ್ರೆಯಲ್ಲಿ ಗೋರಾ ಡಾಕ್ಟರನ ಕೈಕೆಳಗೆ ಹಲ್ಲು ಕೀಳುವುದನ್ನು ಕಲಿತು ಬಂದವನು. ಬಿಳಿ ಗಡ್ಡ, ದಪ್ಪ ಗಾಜಿನ ಚಾಳೀಸು. ಅಂದಾನೆಪ್ಪನನ್ನು ಕುರ್ಚಿಯಲ್ಲಿ ಕೂಡಿಸಿ, "ಬಾಯಿ ಆ ಮಾಡ್ರಿ" ಎಂದವನು ಒಂದು ಕ್ಷಣ ಮುಖ ಅತ್ತ ತಿರುಗಿಸಿ ಉಸಿರು ತೆಗೆದುಕೊಂಡು ಬಂದ. ಅಂದಾನೆಪ್ಪ ಅದನ್ನು ಕಂಡ. ಗೌರಕ್ಕ ಚಹಾ ಕೊಡುವಾಗ ಮಾಡುತ್ತಿದ್ದುದೂ ಇದನ್ನೇ. ಅವನ ಕಿವಿ ಬಿಸಿಯಾದವು.

"ಎರಡೂ ಹೊರಳಿ ಸೋರತಾವೋ, ಒಂದ?"

"ಎಡಗಡೀದೊಂದ."

"ಬಗ್ಗಿದ್ರ ನಾತ ಹೊಡೀತೈತಿ?"

"ಹೌದು. ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ ಸಾವ್ಕಾರ್ರ. ಬಗ್ಗಿ ಒಮ್ಮೆ ಸೋರಿದ ಮ್ಯಾಲೆ? ಆಮ್ಯಾಲೂ ಇರತೈತೇನು?"

ಇದನ್ನು ಯಾರೂ ಕೇಳಿರಲಿಲ್ಲ. ವೈದ್ಯರು ಕೇಳಿರಲಿಲ್ಲ, ಡಾಕ್ಟರರು ಕೇಳಿರಲಿಲ್ಲ, ಅಂದಾನೆಪ್ಪನೂ ತನ್ನನ್ನು ಕೇಳಿಕೊಂಡಿರಲಿಲ್ಲ. "ಇಲ್ಲ. ಒಂದೆರಡು ತಾಸು ಇರೂದಿಲ್ಲ" ಎಂದ, ನಿಧಾನವಾಗಿ.

ಫಕ್ರುಸಾಬ ಕಬ್ಬಿಣದ ಸಣ್ಣ ಕಡ್ಡಿಯಿಂದ ಮೇಲಿನ ಹಲ್ಲುಗಳನ್ನು ಒಂದೊಂದಾಗಿ ಬಡಿಯುತ್ತ ಬಂದ. ಎಡ ದವಡೆಯ ಒಂದು ಹಲ್ಲಿಗೆ ಕಡ್ಡಿ ತಾಗಿದ್ದೇ ತಡ, ಕಣ್ಣಿನ ಕೆಳಗಿನ ಎಲುಬಿನಲ್ಲಿ ನೋವು ಚಿಳ್ಳೆಂದಿತು. "ಇದು ಹಿಂದ ನೋಯ್ತಿತ್ತೇನ್ರಿ?" "ನಾಲ್ಕು ವರ್ಷದ ಹಿಂದ. ಲವಂಗದ ಎಣ್ಣಿ ಹಚ್ಚಿದೆ, ಆರಾಮ ಆತು." "ಆರಾಮ ಆಗಲಿಲ್ರಿ. ಸತ್ತಿತು. ಸತ್ತ ಹಲ್ಲು ನೋಯೂದಿಲ್ಲ, ಬರೇ ಕೊಳೀತೈತಿ." ಆತ ಗೂಡಿನಿಂದ ಒಂದು ದವಡೆಯ ಎಲುಬನ್ನು ತಂದು ತೋರಿಸಿದ. ಬಸರಾದಿಂದ ತಂದದ್ದು, ಯಾವ ಸಿಪಾಯಿಯದೋ. ಮೂಗಿನ ಪಕ್ಕದಲ್ಲಿ, ಕೆನ್ನೆಯೊಳಗೆ, ಎಲುಬು ಪೊಳ್ಳಾಗಿತ್ತು. ಅದರ ತಳ ಕಾಗದದಷ್ಟು ತೆಳ್ಳಗೆ. ದವಡೆ ಹಲ್ಲಿನ ಬೇರುಗಳು ಆ ತಳಕ್ಕೆ ಚುಚ್ಚಿಕೊಂಡಿದ್ದವು. "ಬೇರು ಕೊಳತ್ರ ಕೀವು ಈ ಪೊಳ್ಳಿನ್ಯಾಗ ತುಂಬತೈತಿ. ರಾತ್ರಿ ಮಲಗಿದಾಗ ತುಂಬೂದು, ಮುಂಜಾನೆ ಬಗ್ಗಿದಾಗ ಮೂಗಿನಾಗ ಇಳಿಯೂದು. ಹವಾದಿಂದ ಬಂದ ನೆಗಡಿ ಎರಡೂ ಕಡೆ ಸೋರತೈತಿ. ಒಂದ ಕಡೆ ಸೋರಿ ನಾತ ಹೊಡದ್ರ ಮೊದಲ ಹಲ್ಲು ನೋಡಬೇಕ್ರಿ. ನಿಮ್ಮ ಮೂಗಿಗೆ ಏನೂ ಆಗಿಲ್ಲ. ನಾತ ಹೊರಗಿಂದಲ್ಲ, ಒಳಗಿಂದ."

ಹಲ್ಲು ಕೀಳುವಾಗ ಅಂದಾನೆಪ್ಪ ಕೂಗಿದನೋ ಇಲ್ಲವೋ ಅವನಿಗೆ ನೆನಪಿಲ್ಲ. ಹಲ್ಲಿನ ಹಿಂದೆಯೇ ಕೀವು ಬಂತು, ಬಟ್ಟಲಿಗೆ, ಒಂದು ಚಮಚೆಯಷ್ಟು. ಅದರ ನಾತ ಮೂಗಿಗೆ ಬಡಿದಾಗ ಆತ ಅದನ್ನು ಗುರುತು ಹಿಡಿದ. ಹಾಸಿಗೆಯಲ್ಲಿ, ಜೋಳದ ಹಗೆವಿನಲ್ಲಿ, ಗೌರಕ್ಕನ ಟ್ರಂಕಿನಲ್ಲಿ ಇದ್ದದ್ದು ಇದೇ. ದಾನವ್ವನ ಗಡಿಗೆಯಲ್ಲಿ ಇದ್ದದ್ದೂ ಇದೇ. ಅಂಗಡಿಗೆ ಬಂದು ಮೊದಲ ಸಲ ಬಗ್ಗುವುದು ಮೊದಲನೆಯ ಗಡಿಗೆಗೆ. ಅದಕ್ಕೇ ನಾತ ಹೊಡೆಯುತ್ತದೆ. ಸೋರಿಹೋದ ಮೇಲಿನ ಗಡಿಗೆಗಳೆಲ್ಲ ಒಳ್ಳೆಯವಾಗುತ್ತವೆ. ಹದಿನಾಲ್ಕು ವರ್ಷ ಅವಳು ಎಲ್ಲರಿಗಿಂತ ಮೊದಲು ಬಂದು ನಿಂತದ್ದು ತಾನು ಕರೆದದ್ದಕ್ಕೆ. ಬಾಯಿ ತುಂಬ ಹತ್ತಿ ತುರುಕಿಕೊಂಡು ಕೂತವನಿಗೆ ಕಣ್ಣಲ್ಲಿ ನೀರು ಬಂತು. "ಭಾಳ ನೋವೈತೇನ್ರಿ?" ಎಂದ ಫಕ್ರುಸಾಬ. ಹೌದೆಂದು ತಲೆ ಆಡಿಸಿದ.

ಮನೆಗೆ ಬಂದು ಹತ್ತಿ ಉಗುಳಿ ಗೌರಕ್ಕನನ್ನು ಕೇಳಿದ: "ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ. ಅಂಗಡಿ ಮಂದಿಗೂ ಗೊತ್ತಿತ್ತು. ನಿಮ್ಮ ಗುಮಾಸ್ತ ಎರಡು ವರ್ಷದಿಂದ ಮಾರು ದೂರ ಕುಂಡ್ರತಾನಲ್ಲ, ನೋಡಿಲ್ಲೇನು?"

ನೋಡಿದ್ದ. ಬೇರೆ ವ್ಯಾಪಾರಸ್ಥರಿಗೆ ದರ ತಿಳಿಸಲು ಹಾಗೆ ಕೂರುತ್ತಾನೆಂದು ತಿಳಿದಿದ್ದ. "ಮತ್ತ ಯಾಕ ಹೇಳಲಿಲ್ಲ ನೀ?"

"ಹೇಳಿದ್ರ ಏನಂತಿದ್ರಿ? ಇದನ್ನ ನಿನಗ ಯಾರು ಕಲಿಸಿಕೊಟ್ರು ಅಂತಿದ್ರಿ."

ಈ ಉತ್ತರವನ್ನು ಅವಳಿಗೆ ಯಾರು ಕಲಿಸಿಕೊಟ್ಟಿರಬಹುದೆಂದು ಆತ ಆಗಲೇ ಯೋಚಿಸತೊಡಗಿದ್ದ. ತನ್ನ ಮೇಲೆ ತನಗೇ ಥೂ ಎನ್ನಿಸಿತು.

ಎಂಟು ದಿನಕ್ಕೆ ಕೆನ್ನೆ ಹಗುರಾಯಿತು. ವಾಸನೆಗಳು ಒಂದೊಂದಾಗಿ ತಿರುಗಿ ಬಂದವು: ಒಲೆಯ ಮೇಲಿನ ರೊಟ್ಟಿ, ಹಸಿ ಸಗಣಿ, ಗೌರಕ್ಕನ ತಲೆಯ ಕೊಬ್ಬರಿ ಎಣ್ಣೆ. ಆದರೂ ಎರಡು ಶನಿವಾರ ಆತ ಬಾಯಿ ಬಿಡಲಿಲ್ಲ. ಯಾರಿಗೆ ಗೊತ್ತು, ಆ ದಿನ ಅವಳೂ ಏನಾದರೂ ಹಾಕಿರಬಹುದಲ್ಲ? ತನ್ನಲ್ಲೂ ನಾತವಿತ್ತು, ತುಪ್ಪದಲ್ಲೂ ಇತ್ತು, ಎರಡೂ ಇರಬಾರದೆಂದೇನು? ಅವಳ ಆ ದಿನದ ಗಡಿಗೆ ಅಂಗಡಿಯ ಮೂಲೆಯಲ್ಲೇ ಇತ್ತು, ಯಾರಾದರೂ ಕೇಳಿದರೆ ತೋರಿಸಲೆಂದು ತಾನೇ ಇಟ್ಟುಕೊಂಡದ್ದು. ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಅದರ ಬಾಯಿಯ ಬಟ್ಟೆ ಬಿಚ್ಚಿ ಮುಂಗೈಗೆ ಸವರಿಕೊಂಡ. ಬಗ್ಗಿದ. ಎಮ್ಮೆಯ ತುಪ್ಪ, ನಾಲ್ಕು ದಿನದ ಬೆಣ್ಣೆ, ಕಾಸುವಾಗ ಒಂದು ವೀಳ್ಯದೆಲೆ ಹಾಕಿದ್ದಾಳೆ. ಇಷ್ಟು ದಿನ ಮೂಲೆಯಲ್ಲಿ ಕೂತಿದ್ದರೂ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ, ಖರೆಯಾಗಿಯೂ ಹಾಗೆಂದುಕೊಂಡ.

ಬೆಂಗೇರಿಗೆ ನಡೆದೇ ಹೋದ. ದಾನವ್ವ ಎಮ್ಮೆಗೆ ಹೊಟ್ಟು ಕಲಸುತ್ತಿದ್ದಳು. ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಕಂಬಳಿ ಹಾಸಿದಳು, ಆದರೆ ಒಳಗೆ ಹೋಗಲಿಲ್ಲ. "ನೀರು ಕೊಡ್ಲೋ ಬ್ಯಾಡೋ ತಿಳೀವಲ್ದು ಅಣ್ಣಾರ. ನಮ್ಮ ಮನ್ಯಾಗ ಈಗ ಯಾರೂ ಕುಡಿಯೂದಿಲ್ಲ."

"ಕೊಡು" ಎಂದ. ತಂಬಿಗೆ ಎತ್ತಿ ಗಟಗಟ ಕುಡಿದ. ಆಮೇಲೆ ಹಲ್ಲಿನ ವಿಷಯ ಹೇಳಿದ, ಪೊಳ್ಳು ಎಲುಬಿನ ವಿಷಯ ಹೇಳಿದ, ಕೀವಿನ ವಿಷಯ ಹೇಳಿದ. ಅವಳು ನಡುವೆ ಒಂದು ಮಾತೂ ಆಡಲಿಲ್ಲ. ಅವಳಿಗೆ ಆಶ್ಚರ್ಯವಾಗದ್ದನ್ನು ಕಂಡು ಅವನಿಗೇ ಆಶ್ಚರ್ಯವಾಯಿತು.

"ನನಗ ಆವತ್ತ ಗೊತ್ತಿತ್ರಿ" ಎಂದಳು ಕೊನೆಗೆ. "ನೀವು ಆ ಕಡೆಯಿಂದ ಬಗ್ಗಿದ್ರಿ, ನಾ ಈ ಕಡೆಯಿಂದ ಬಗ್ಗಿದ್ದೆ. ನಾತ ನಿಮ್ಮ ಬಾಯಿಂದ ಬಂತು."

"ಅಲ್ಲೇ ಅನ್ನಬೇಕಾಗಿತ್ತು!"

"ಹೆಂಗ ಅನ್ಲಿರಿ? ಅಷ್ಟು ಮಂದ್ಯಾಗ ಸಾವ್ಕಾರ್ರ ಬಾಯಿ ನಾರತೈತಿ ಅಂತ? ಹದಿನಾಲ್ಕು ವರ್ಷ ಅಣ್ಣಾ ಅಂದೇನಿ. ನಿಮ್ಮ ಮರ್ಯಾದಿ ಹೋಗ್ತಿತ್ತು."

"ನಿಂದು ಹೋತಲ್ಲೇ ತಂಗಿ."

"ಹೋತು. ಇಷ್ಟು ಹೋಗ್ತೈತಿ ಅಂತ ಗೊತ್ತಿದ್ದಿಲ್ಲ. ಗೊತ್ತಿದ್ರ ಅಂತಿದ್ದೆ." ಎಮ್ಮೆಯ ಮುಂದೆ ಹೊಟ್ಟು ಸರಿಸಿದಳು. "ಮಹಾಂತಯ್ಯನವರು ಇನ್ನೂ ಬರವಲ್ರು. ಎಲ್ಲಿ ಅಂದ್ರಿ, ಅಲ್ಲೇ ಹೇಳ್ರಿ. ನನ್ನ ಕಟ್ಟಿ ಮ್ಯಾಲೆ ಕುಂತು ಹೇಳಿದ್ರ ನನ್ನ ಎಮ್ಮಿಗೆ ಕೇಳಸ್ತೈತಿ, ಅಷ್ಟ."

ಶನಿವಾರ ಬೆಳಿಗ್ಗೆ ಸಾಲು ಎಂದಿನಂತೆ ನಿಂತಿತ್ತು. ದಾನವ್ವ ಸಾಲಿನಲ್ಲಿರಲಿಲ್ಲ, ಗಡಿಗೆ ಇಟ್ಟುಕೊಂಡು ಎದುರಿನ ಬೇವಿನ ಮರದ ಬುಡದಲ್ಲಿ ಕೂತಿದ್ದಳು. ಅಂದಾನೆಪ್ಪ ಗಾದಿಯ ಮೇಲೆ ನಿಂತು, "ನೋಡ್ರಪಾ, ದಾನವ್ವನ ತುಪ್ಪ ಛಲೋ ಐತಿ, ಎಲ್ಲಾರೂ ತಗೋರ್ರಿ" ಎಂದ. ಅಬ್ಬಾ, ಮುಗಿಯಿತು ಎಂದುಕೊಂಡು ಕೂತ. ಸಾಲಿನಲ್ಲಿ ಗುಜುಗುಜು ಎದ್ದಿತು. "ದೊಡ್ಡ ಮನಸ್ಸಪಾ ಸಾವ್ಕಾರ್ರದು" ಎಂದರು ಒಬ್ಬರು. "ಗಂಡ ಇಲ್ಲದಾಕಿ, ಒಂದ್ಸಲ ತಪ್ಪು ಮಾಡ್ಯಾಳ, ಹೊಟ್ಟ್ಯಾಗ ಹಾಕ್ಕೊಂಡ್ರು" ಎಂದರು ಇನ್ನೊಬ್ಬರು. ದಾನವ್ವನ ಹತ್ತಿರ ಯಾರೂ ಹೋಗಲಿಲ್ಲ. ಅವಳು ಮರದ ಬುಡದಿಂದ ನೇರ ಅವನನ್ನೇ ನೋಡುತ್ತಿದ್ದಳು. ಹೊಗಳಿಕೆ ಅಂದಾನೆಪ್ಪನ ಕಿವಿಗೆ ಹಿತವಾಗಿ ಇಳಿಯುತ್ತಿತ್ತು. ಆ ಹಿತ ಗೊತ್ತಾಗಿ ಮತ್ತೆ ಎದ್ದ. ಇಲ್ಲೇ ನಿಲ್ಲಿಸಬಹುದಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ.

"ಆಕಿ ತಪ್ಪು ಮಾಡಿಲ್ಲ" ಎಂದ. "ನಾತ ತುಪ್ಪದ್ದಲ್ಲ, ನಂದು. ನನ್ನ ಹಲ್ಲು ಕೊಳತಿತ್ತು. ಮೂರು ವರ್ಷದಿಂದ ಕೀವು ಮೂಗಿನಾಗ ಇಳೀತಿತ್ತು. ನನ್ನ ಹೊಲಸು ನನಗ ಬಡದ್ರ ಆಕಿ ತುಪ್ಪಕ್ಕ ಚರಬಿ ಅಂದೆ. ಲಿಂಗಾ ಮುಟ್ಟಿದಾಕಿಗೆ ಸುಳ್ಳಿ ಅಂದೆ." ತುಟಿಯನ್ನು ಬೆರಳಿನಿಂದ ಎತ್ತಿ ಹಲ್ಲಿಲ್ಲದ ಜಾಗ ತೋರಿಸಿದ, ಮೊದಲು ಎಡಕ್ಕೆ ನಿಂತವರಿಗೆ, ಆಮೇಲೆ ಬಲಕ್ಕೆ ನಿಂತವರಿಗೆ. ಪೇಟೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ದಾನವ್ವ ಎದ್ದಳು, ಸಿಂಬಿ ತಲೆಗಿಟ್ಟು ಗಡಿಗೆ ಹೊತ್ತಳು. ಆತ ಕೈ ಚಾಚಿದ. "ಇಲ್ರಿ ಅಣ್ಣಾರ, ಇನ್ನ ಮ್ಯಾಲೆ ಬ್ಯಾರೆ ಅಂಗಡ್ಯಾಗ ಹಾಕ್ತೇನಿ" ಎಂದು ಹೇಳಿ, ಸಿಟ್ಟಿಲ್ಲದೆ, ಮುಂದಿನ ಅಂಗಡಿಯ ಕಡೆ ನಡೆದಳು. ಅಲ್ಲಿ ಅವಳ ಗಡಿಗೆ ಇಳಿಸಿಕೊಳ್ಳಲು ಒಬ್ಬ ಎದ್ದು ಬಂದ. ಅಂದಾನೆಪ್ಪ ಅದನ್ನು ನೋಡಿದ, ಮೈ ಹಗುರಾಯಿತು. ಇಷ್ಟೇ ಅಲ್ಲವೇ, ಇಷ್ಟಕ್ಕೆ ಇಷ್ಟು ದಿನ ಹೆದರಿದೆನಲ್ಲ ಎನ್ನಿಸಿತು.

ಸಾಲು ಮಾತ್ರ ಮುಂದೆ ಬರಲಿಲ್ಲ. ಮೊದಲಿಗೆ ನಿಂತಿದ್ದ ಮುದುಕಿ ತನ್ನ ಗಡಿಗೆಯ ಬಾಯಿಗೆ ಬಟ್ಟೆ ಮತ್ತೆ ಕಟ್ಟತೊಡಗಿದ್ದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು, ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದರು. ಹಿಂದಿನಿಂದ ಅಮರಗೋಳದ ಗಂಗಪ್ಪನೆಂಬ ರೈತ ಸಾಲು ಬಿಟ್ಟು ಮುಂದೆ ಬಂದ. ಕೈಯಲ್ಲಿ ಗಡಿಗೆ ಇರಲಿಲ್ಲ, ಬೇರೆ ಏನೋ ಕೆಲಸಕ್ಕೆ ಪೇಟೆಗೆ ಬಂದವನು.

"ಹೋದ ವರ್ಷ ಶ್ರಾವಣದಾಗ ನನ್ನ ತುಪ್ಪಕ್ಕೂ ಹಿಂಗ ಅಂದಿದ್ರಿ, ಸಾವ್ಕಾರ್ರ."

ಅಂದಾನೆಪ್ಪನಿಗೆ ಮುಖ ನೆನಪಿಗೆ ಬರಲಿಲ್ಲ. ಅಂಥವರು ಎಷ್ಟೋ ಮಂದಿ ಬಂದಿದ್ದರು, ಒಲ್ಲೆ ಎಂದರೆ ಗಡಿಗೆ ಎತ್ತಿಕೊಂಡು ಹೋಗಿದ್ದರು.

"ನಾ ಮನೀಗೆ ಹೋಗಿ ಹೇಣ್ತೀನ್ನ ಕೇಳಿದೆ, ತುಪ್ಪದಾಗ ಏನ್ ಬೆರಸೀದಿ ಅಂತ. ಏನೂ ಬೆರಸಿಲ್ಲ ಅಂದ್ಲು. ಸಾವ್ಕಾರ್ರ ಮೂಗು ಸುಳ್ಳು ಹೇಳತೈತೇನು ಅಂತ ಹೊಡದೆ. ಭಾಳ ಹೊಡದೇನ್ರಿ. ಬಸರಿ ಇದ್ಲು. ಉಳೀಲಿಲ್ಲ ಅದು. ಅಕಿ ತವರಮನೀಗೆ ಹ್ವಾದಾಕಿ ಬಂದಿಲ್ಲ." ಅವನ ದನಿ ಏರಲಿಲ್ಲ. "ಖರೇ ಹೇಳ್ರಿ. ಆವತ್ತು ನಾತ ನನ್ನ ತುಪ್ಪದಾಗಿತ್ತೋ, ನಿಮ್ಮ ಬಾಯಾಗಿತ್ತೋ?"

ಅಂದಾನೆಪ್ಪ ಹೋದ ಶ್ರಾವಣವನ್ನು ತಡಕಾಡಿದ. ಆಗ ಕೆನ್ನೆ ಭಾರವಿತ್ತೇ? ಆ ದಿನ ದಾನವ್ವ ಬಾರದೆ ಇವನು ಸಾಲಿನ ಮೊದಲಿಗೆ ನಿಂತಿದ್ದನೇ? ಇತ್ತು ಎಂದುಬಿಡಬಹುದು, ಇರಲಿಲ್ಲ ಎಂದುಬಿಡಬಹುದು. ಯಾವುದು ಹೇಳಿದರೂ ಇವನು ನಂಬುತ್ತಾನೆ. ಈಗಲೂ ನಂಬುತ್ತಾನೆ!

"ನನಗ ಗೊತ್ತಿಲ್ಲೋ ತಮ್ಮಾ" ಎಂದ. "ಶಿವನಾಣಿ, ಗೊತ್ತಿಲ್ಲ."

ಗಂಗಪ್ಪ ಅಲ್ಲೇ ನಿಂತಿದ್ದ. ಎರಡು ಸಲ ತಲೆ ಆಡಿಸಿದ, ಹೋಗಲೆಂದು ತಿರುಗಿದವನು ಮತ್ತೆ ಈ ಕಡೆ ತಿರುಗಿ ಕೇಳಿದ:

"ಹಂಗಾದ್ರ ಅಕಿಗೆ ನಾ ಏನಂತ ಹೇಳ್ಲಿರಿ?"